ಡಂಗುರ ಸಾರದ ಕಾನೂನು

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ಸಾಗಿ ಒಳದಾರಿಗೆ ತಿರುಗಿದರೆ ದೊಡ್ಡಗದ್ದವಳ್ಳಿ ಸಿಗುತ್ತದೆ. ಕೆರೆಯ ದಡದಲ್ಲಿ, ತೆಂಗಿನ ಮರಗಳ ನಡುವೆ, ಲಕ್ಷ್ಮೀದೇವಿಯ ಗುಡಿಯಿದೆ. ಬೇಲೂರು ಹಳೇಬೀಡುಗಳಿಗೆ ಧಾವಿಸುವ ಪ್ರವಾಸಿಗರಲ್ಲಿ ಬಹುಮಂದಿ ಇತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಬೇಲೂರಿನ ಚೆನ್ನಕೇಶವ ದೇವಾಲಯಕ್ಕಿಂತಲೂ ಈ ಗುಡಿ ಕೆಲವು ವರ್ಷಗಳಷ್ಟು ಹಿರಿಯದು. ವಿಷ್ಣುವರ್ಧನನ ಆಳ್ವಿಕೆಯಲ್ಲಿ, 1113ರ ಸುಮಾರಿಗೆ, ಇದನ್ನು ಕಟ್ಟಿಸಿದವನು ಅರಸನಲ್ಲ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಆತನ ಮಡದಿ ಸಹಜಾದೇವಿ ತಮ್ಮ ದುಡಿಮೆಯ ಹಣದಿಂದ ಕಟ್ಟಿಸಿದ ಗುಡಿಯಿದು. ಒಂದು ನಡುಮಂಟಪದ ಸುತ್ತ ನಾಲ್ಕು ಗರ್ಭಗುಡಿಗಳು, ಮೆಟ್ಟಿಲುಮೆಟ್ಟಿಲಾಗಿ ಏರುವ ಶಿಖರಗಳು, ಸುತ್ತಲೂ ಕಲ್ಲಿನ ಪ್ರಾಕಾರ. ಎಂಟು ಹತ್ತು ತಲೆಮಾರುಗಳಲ್ಲ, ಸುಮಾರು ಮೂವತ್ತೈದು ತಲೆಮಾರುಗಳು ಈ ಗುಡಿಯನ್ನು ಕಂಡು ದಾಟಿವೆ.

ಧರ್ಮಕೇಂದ್ರದ ಯುವಕ ಯುವತಿಯರ ತಂಡವೊಂದರ ಜೊತೆ ನಾವು ಒಮ್ಮೆ ಅಲ್ಲಿಗೆ ಹೋಗಿದ್ದೆವು. ನೆರೆಯವರು ಪವಿತ್ರವೆಂದು ಕಾಪಾಡಿಕೊಂಡು ಬಂದ ತಾಣವನ್ನು ಗೌರವದಿಂದ ಕಂಡುಬರುವುದೂ ಒಂದು ಶಿಕ್ಷಣವೇ ಎಂಬುದು ನಮ್ಮ ಎಣಿಕೆಯಾಗಿತ್ತು. ಸಂರಕ್ಷಿತ ಸ್ಮಾರಕಗಳ ಬಳಿ ಸಾಮಾನ್ಯವಾಗಿ ನಿಲ್ಲಿಸಿರುವ ಫಲಕಗಳ ಕುರಿತು ಮಾತು ಹೊರಳಿತು. ಸ್ಮಾರಕದ ಎಲ್ಲೆಯಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ ಇನ್ನೂರು ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು ಎಂಬ ನಿಯಮವನ್ನು ನಾವು ವಿವರಿಸಿದೆವು. ಪದವಿ ತರಗತಿಯಲ್ಲಿ ಓದುತ್ತಿದ್ದ ತರುಣನೊಬ್ಬ ಕೇಳಿದ: “ಫಾದರ್, ಈ ಗೆರೆ ಎಳೆಯುವಾಗ ಗೆರೆಯೊಳಗೆ ಬರುವ ಊರವರನ್ನು ಯಾರಾದರೂ ಕೇಳಿದ್ದರೇ?”

ನಮಗೆ ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಆ ಪ್ರಶ್ನೆ ನಮ್ಮ ಬೆನ್ನು ಬಿಟ್ಟಿಲ್ಲ. ಇಂದಿನ ಈ ಬರಹ ಆ ತರುಣನಿಗೆ ನಾವು ಸಲ್ಲಿಸಬೇಕಾಗಿದ್ದ, ಬಹಳ ತಡವಾದ ಉತ್ತರ.

ಗೆರೆ ಬಂದ ಬಗೆ

ಪ್ರಾಚೀನ ಸ್ಮಾರಕಗಳನ್ನು ಕಾಯುವ ಕೇಂದ್ರದ ಕಾಯ್ದೆ 1958ರದು. ಆದರೆ ನೂರು ಮತ್ತು ಇನ್ನೂರು ಮೀಟರುಗಳ ಗೆರೆ ಮೂಡಿದ್ದು 1992ರ ಜೂನ್ 16ರ ಅಧಿಸೂಚನೆಯಿಂದ. 2010ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು, ಆ ಗೆರೆಯನ್ನು ಕಾಯ್ದೆಯ ಒಡಲಿಗೇ ಸೇರಿಸಿತು. ಉಲ್ಲಂಘಿಸಿದವರಿಗೆ ಎರಡು ವರ್ಷಗಳವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗಿನ ದಂಡ ವಿಧಿಸಬಹುದೆಂದಾಯಿತು. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಸ್ಥಾಪನೆಗೊಂಡಿತು. ದೇಶದಲ್ಲಿರುವ ಕೇಂದ್ರ ಸಂರಕ್ಷಿತ ಸ್ಮಾರಕಗಳು 3,600ಕ್ಕೂ ಹೆಚ್ಚು. ಆಗ್ರಾದ ತಾಜಮಹಲಿಗೂ ನಮ್ಮ ಹಾಸನ ಜಿಲ್ಲೆಯ ಹಳ್ಳಿಯ ಗುಡಿಗೂ ಅಳತೆಯ ಪಟ್ಟಿ ಒಂದೇ.

ಈ ಗೆರೆಯ ಹಿಂದಿನ ಉದ್ದೇಶವನ್ನು ಯಾರೂ ಹಳಿಯಲಾರರು. ಗೆರೆಯಿಲ್ಲದ ಕಡೆ ಸ್ಮಾರಕಗಳ ಗೋಡೆಗೆ ಒರಗಿಕೊಂಡೇ ಮಾಳಿಗೆ ಮನೆಗಳು ಎದ್ದುದನ್ನು ನಾವೆಲ್ಲ ಕಂಡಿದ್ದೇವೆ. ಎಲ್ಲ ಕಡೆಗೂ ಒಂದೇ ಅಳತೆ ಸಲ್ಲದೆಂಬುದನ್ನು ಶಾಸನ ಮಾಡಿದವರೂ ಅರಿತಿದ್ದರು. ಆದ್ದರಿಂದಲೇ ಪ್ರತಿಯೊಂದು ಸ್ಮಾರಕಕ್ಕೂ ಅದರದೇ ಪರಂಪರೆಯ ಉಪವಿಧಿಗಳನ್ನು ರಚಿಸಬೇಕೆಂದು ವಿಧಿಸಿದರು. ಸುತ್ತಲಿನ ಮನೆಗಳ ಎತ್ತರ ಎಷ್ಟಿರಬೇಕು, ಮಾಡು ಯಾವ ಬಗೆಯದಿರಬೇಕು, ಚರಂಡಿ, ಓಣಿ, ಕೆರೆ ಏನಾಗಬೇಕು ಎಂಬುದೆಲ್ಲ ಅಲ್ಲಿ ನಿರ್ಧಾರವಾಗತಕ್ಕದ್ದು. ಅಂಥ ಉಪವಿಧಿಯ ಕರಡನ್ನು ಪ್ರಕಟಿಸಿ, 30 ದಿನಗಳ ಕಾಲಾವಕಾಶ ಕೊಟ್ಟು, ಸಾರ್ವಜನಿಕರ ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸಬೇಕೆಂಬುದು 2011ರ ನಿಯಮ. ಹಾಗಾದರೆ ಕಾನೂನು ನಮ್ಮನ್ನು ಕೇಳುತ್ತದೆ. ಆದರೆ ಕೇಳಿದ ಧ್ವನಿ ಯಾರ ಕಿವಿಗೆ ಬೀಳುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಧರ್ಮಕೇಂದ್ರದ ಬಾಗಿಲಿಗೆ ಇಂಗ್ಲಿಷ್ ಕಾಗದಗಳನ್ನು ಓದಿಸಿಕೊಳ್ಳಲು ಬರುವವರಲ್ಲಿ ಎಲ್ಲ ಮತದವರೂ ಇರುತ್ತಾರೆ. ಇಂಥದೇ ಸ್ಮಾರಕವೊಂದರ ಬಳಿಯ ಬೇರೊಂದು ಊರಿನ ರೈತರೊಬ್ಬರು ಹಲವು ವರ್ಷಗಳ ಹಿಂದೆ ಹೀಗೆಯೇ ಬಂದರು. ಮಳೆಗೆ ಅವರ ಹೆಂಚಿನ ಮನೆಯ ಹಿಂಗೋಡೆ ಕುಸಿದಿತ್ತು. ಅದನ್ನು ಎಬ್ಬಿಸಲು ಇಟ್ಟಿಗೆ ತರಿಸಿದ ವಾರದಲ್ಲೇ ನೋಟೀಸು ಬಂತು. ಕೆಲಸ ನಿಲ್ಲಿಸಿ, ಒಂದು ಕಚೇರಿಗೆ ನಾಲ್ಕು ಬಾರಿ ಅಲೆದರು. ಎರಡು ತಿಂಗಳು ಹಿಂಗೋಡೆಯ ಜಾಗದಲ್ಲಿ ತಾಡಪಾಲು ಕಟ್ಟಿಕೊಂಡು ಸಂಸಾರ ಮಾಡಿದರು. ನಾವು ಕಾಗದವನ್ನು ಓದಿದಾಗ, ಹೊಸ ಕಟ್ಟಡಕ್ಕೆ ನಿಷೇಧವಿದ್ದರೂ ಹಳೆಯ ಮನೆಯ ದುರಸ್ತಿಗೆ ಅನುಮತಿ ಕೋರಿ ಅರ್ಜಿ ಸಲ್ಲಿಸಲು ಅವಕಾಶವಿರುವುದು ತಿಳಿಯಿತು. ಆ ಒಂದು ಮಾತನ್ನು ಕನ್ನಡದಲ್ಲಿ ಅವರಿಗೆ ಹೇಳಿದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಹೊರಡುವಾಗ ಅವರು, “ನಾವೇನು ಗುಡಿಗೆ ಶತ್ರುಗಳೇ ಸ್ವಾಮಿ? ನಮ್ಮಪ್ಪನ ಕಾಲದಿಂದ ಗುಡಿ ಮುಂದಿನ ಕಳೆ ಕಿತ್ತವರು ನಾವೇ” ಎಂದರು. ಆ ಮಾತಿನಲ್ಲಿ ಕೋಪಕ್ಕಿಂತ ಹೆಚ್ಚಾಗಿ ಅವಮಾನವಿತ್ತು.

ಕಾಯುವ ಕಾನೂನು ತಾನು ಕಾಯಬೇಕಾದ ವಸ್ತುವಿನ ಹತ್ತಿರದ ಕಾವಲುಗಾರರನ್ನೇ ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿದರೆ ನಷ್ಟ ಯಾರಿಗೆ? 2020ರ ನವೆಂಬರಿನಲ್ಲಿ ದೊಡ್ಡಗದ್ದವಳ್ಳಿಯ ಗುಡಿಯ ಕಾಳಿಯ ವಿಗ್ರಹ ಭಗ್ನವಾಗಿರುವುದು ಕಂಡುಬಂದಿತ್ತು. ಅಂಥ ಸುದ್ದಿ ದಿಲ್ಲಿಯ ಕಡತದಲ್ಲಿ ಒಂದು ಸಾಲು. ಊರಿನಲ್ಲಿ ಅದು ಮನೆಮನೆಯ ಸಂಕಟ. ನೂರು ಮೀಟರಿನ ಗೆರೆಯನ್ನು ಕಾಗದದಲ್ಲಿ ಎಳೆಯಬಹುದು. ಆದರೆ ರಾತ್ರಿಯ ಹೊತ್ತು ಗುಡಿಯ ಕಡೆ ಸದ್ದಾದರೆ ಎದ್ದು ಬಂದು ನೋಡಬೇಕಾದವರು ಊರವರೇ.

ಸಂತ ಥಾಮಸರ ನಾಲ್ಕನೆಯ ಮಾತು

ಗುರುವಿದ್ಯಾಮಂದಿರದಲ್ಲಿ ನಾವು ತತ್ತ್ವಶಾಸ್ತ್ರ ಓದುವಾಗ, ಕಾನೂನು ಎಂದರೇನು ಎಂಬ ಪ್ರಶ್ನೆಗೆ 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಕೊಟ್ಟ ಉತ್ತರವನ್ನು ಬಾಯಿಪಾಠ ಮಾಡಿದ್ದೆವು. ಅವರ ಅಭಿಪ್ರಾಯದಲ್ಲಿ ಕಾನೂನಿಗೆ ನಾಲ್ಕು ಲಕ್ಷಣಗಳಿರಬೇಕು. ಅದು ವಿವೇಕದಿಂದ ಹುಟ್ಟಿದ ವಿಧಿಯಾಗಿರಬೇಕು, ಬಲದಿಂದ ಹುಟ್ಟಿದ್ದಾಗಿರಬಾರದು. ಅದು ಸರ್ವರ ಹಿತಕ್ಕಾಗಿ ಇರಬೇಕು. ಸಮುದಾಯದ ಹೊಣೆ ಹೊತ್ತವರಿಂದ ಬಂದಿರಬೇಕು. ಕೊನೆಯದಾಗಿ, ಅದು ಪ್ರಕಟಗೊಂಡಿರಬೇಕು.

ಎಳೆಯ ವಯಸ್ಸಿನ ನಮಗೆ ಮೊದಲಿನ ಮೂರು ಲಕ್ಷಣಗಳು ಘನವಾಗಿಯೂ ನಾಲ್ಕನೆಯದು ಬರಿಯ ಔಪಚಾರಿಕವಾಗಿಯೂ ಕಂಡಿದ್ದವು. ಪ್ರಕಟಿಸುವುದರಲ್ಲಿ ಏನಿದೆ, ಡಂಗುರ ಸಾರಿದರಾಯಿತಲ್ಲ ಎಂದುಕೊಂಡಿದ್ದೆವು. ಮೂವತ್ತು ವರ್ಷಗಳ ಹಳ್ಳಿಯ ಸೇವೆಯ ತರುವಾಯ ನಮಗೆ ತೋರುವುದು ಬೇರೆಯೇ. ಕಾನೂನು ಮನುಷ್ಯನನ್ನು ಮನುಷ್ಯನೆಂದು ಎಣಿಸುವುದು ಆ ನಾಲ್ಕನೆಯ ಮಾತಿನಲ್ಲಿಯೇ. ದನಕ್ಕೆ ಬೇಲಿ ಹಾಕಿದರೆ ಸಾಕು, ಅದಕ್ಕೆ ಕಾರಣ ಹೇಳಬೇಕಾಗಿಲ್ಲ. ಮನುಷ್ಯನಿಗೆ ವಿಧಿ ತಿಳಿಯಬೇಕು, ತಿಳಿದು ಅವನ ವಿವೇಕ ಅದನ್ನು ಒಪ್ಪಬೇಕು ಅಥವಾ ಅದಕ್ಕೆ ಎದುರಾಡಬೇಕು.

ನಮ್ಮ ನಾಡಿನ ಹಿರಿಯರಿಗೆ ಇದು ಗೊತ್ತಿತ್ತು. ಹೊಯ್ಸಳರ ಕಾಲದ ದಾನಶಾಸನಗಳನ್ನು ನೋಡಿರಿ. ನೆಲವನ್ನು ಗುಡಿಗೋ ಕೆರೆಗೋ ಬಿಟ್ಟಾಗ ನಾಲ್ಕು ದಿಕ್ಕಿನ ಎಲ್ಲೆಗಳನ್ನು, ಹಳ್ಳ, ಮರ, ಬಂಡೆ, ದಾರಿ ಎಂದು ಊರವರು ಬಲ್ಲ ಗುರುತುಗಳಿಂದಲೇ ಹೆಸರಿಸುವುದು ವಾಡಿಕೆಯಾಗಿತ್ತು. ಕನ್ನಡದಲ್ಲಿ ಕೆತ್ತಿ ಎಲ್ಲರೂ ಓಡಾಡುವ ಜಾಗದಲ್ಲಿ ಕಲ್ಲನ್ನು ನಿಲ್ಲಿಸುತ್ತಿದ್ದರು. ಆ ವ್ಯವಸ್ಥೆಯಲ್ಲಿ ಅನ್ಯಾಯಗಳಿರಲಿಲ್ಲವೆಂದು ನಾವು ಹೇಳುತ್ತಿಲ್ಲ. ಓದು ಬಲ್ಲವರು ಅಂದೂ ಕೆಲವರೇ. ಆದರೆ ನೆಲದ ವಿಷಯ ನೆಲದ ಮೇಲೆಯೇ, ನೆಲದವರ ಭಾಷೆಯಲ್ಲೇ ಸಾರಬೇಕೆಂಬ ಅರಿವು ಅಲ್ಲಿತ್ತು. ಇಂದಿನ ಎಲ್ಲೆ ಉಪಗ್ರಹದ ಚಿತ್ರದಲ್ಲಿ ಹುಟ್ಟಿ, ಇಂಗ್ಲಿಷ್ ಮತ್ತು ಹಿಂದಿಯ ರಾಜಪತ್ರದಲ್ಲಿ ಬೆಳೆದು, ಊರಿಗೆ ಬರುವ ಹೊತ್ತಿಗೆ ದಂಡದ ನೋಟೀಸಾಗಿರುತ್ತದೆ.

ಶೆಟ್ಟಿಹಳ್ಳಿಯ ಗೋಡೆಗಳು

ಕೇಳದೆ ಮಾಡಿದ ನಿರ್ಧಾರದ ಬೆಲೆ ಎಷ್ಟೆಂಬುದನ್ನು ಹಾಸನ ಜಿಲ್ಲೆಯ ಕಥೋಲಿಕರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೇಮಾವತಿಯ ಹಿನ್ನೀರಿನ ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ದೇವಾಲಯದ ಗೋಡೆಗಳು ಇನ್ನೂ ನಿಂತಿವೆ. ಫ್ರೆಂಚ್ ಧರ್ಮಪ್ರಚಾರಕರು 1860ರ ದಶಕದಲ್ಲಿ ಕಟ್ಟಿಸಿದ ದೇವಾಲಯವದು. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡು, 37 ಟಿಎಂಸಿ ನೀರು ಹಿಡಿಯುವ ಜಲಾಶಯ ತುಂಬತೊಡಗಿದಾಗ ಊರು ಬರಿದಾಯಿತು. ಮಳೆಗಾಲದಲ್ಲಿ ನೀರು ಏರಿ ದೇವಾಲಯವನ್ನು ಅರ್ಧ ಮುಳುಗಿಸುತ್ತದೆ. ಬೇಸಿಗೆಯಲ್ಲಿ ನೀರಿಳಿದಾಗ, ಮಾಡಿಲ್ಲದ ಕಮಾನುಗಳ ನಡುವೆ ಪ್ರವಾಸಿಗರು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ. ಅವರಿಗೆ ಅದೊಂದು ಸುಂದರ ಅವಶೇಷ. ಅಲ್ಲಿ ದೀಕ್ಷಾಸ್ನಾನ ಪಡೆದು, ಅಲ್ಲಿಯೇ ಮದುವೆಯಾಗಿ, ಹೆತ್ತವರನ್ನು ಅಲ್ಲಿಯೇ ಮಣ್ಣು ಮಾಡಿ ಬಂದ ಹಿರಿಯರು ಆ ದಡಕ್ಕೆ ಹೋದರೆ ಮಾತನಾಡುವುದಿಲ್ಲ.

ಹೇಮಾವತಿಯ ನೀರು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ಹರಿದಿದೆ, ಲಕ್ಷಾಂತರ ಜನರ ಬಾಯಾರಿಕೆ ತಣಿಸಿದೆ. ಆ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಮಾತು ನಿರ್ಧಾರ ಆದ ಬಗೆಯನ್ನು ಕುರಿತದ್ದು. ಅಂದಿನ ಭೂಸ್ವಾಧೀನ ಕಾನೂನಿನ ಮೂಲ 1894ರದು, ಪರಕೀಯರ ಆಳ್ವಿಕೆಯದು. ಅದರಲ್ಲಿಯೂ ಆಕ್ಷೇಪಣೆಗೆ 30 ದಿನಗಳ ಅವಕಾಶವಿತ್ತು. ಆದರೆ ಆ ಅವಕಾಶ ಜಮೀನಿನಲ್ಲಿ ಹಕ್ಕು ಉಳ್ಳವರಿಗೆ ಮಾತ್ರ. ಕೂಲಿಯವನ, ಗೇಣಿಯ ಹೊಲ ಬಿಟ್ಟವನ, ಊರಿನ ಸ್ಮಶಾನದಲ್ಲಿ ತಾಯಿಯನ್ನು ಮಲಗಿಸಿದವಳ ಮಾತಿಗೆ ಆ ನಮೂನೆಯಲ್ಲಿ ಕಂಬಸಾಲೇ ಇರಲಿಲ್ಲ. ಪರಿಹಾರದ ಲೆಕ್ಕ ಎಕರೆಯಲ್ಲಿ ನಡೆಯಿತು. ಊರೆಂಬುದು ಎಕರೆಗಳ ಮೊತ್ತಕ್ಕಿಂತ ಹೆಚ್ಚಿನದೆಂಬ ಮಾತನ್ನು ಬರೆದುಕೊಳ್ಳುವ ಜಾಗ ಆ ಕಾನೂನಿನಲ್ಲಿ ಇರಲಿಲ್ಲ.

ಆ ಬಗೆಯ ನೋವುಗಳು ದೇಶದಾದ್ಯಂತ ರಾಶಿಬಿದ್ದ ಮೇಲೆ 2013ರಲ್ಲಿ ಹೊಸ ಭೂಸ್ವಾಧೀನ ಕಾಯ್ದೆ ಬಂತು. ಭೂಮಿ ತೆಗೆದುಕೊಳ್ಳುವ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು, ಅದು ಸ್ಥಳೀಯ ಭಾಷೆಯಲ್ಲಿ ಲಭ್ಯವಾಗಬೇಕು, ಬಾಧಿತ ಪ್ರದೇಶದಲ್ಲಿಯೇ ಸಾರ್ವಜನಿಕ ವಿಚಾರಣೆಯಾಗಬೇಕು ಎಂದು ಅದು ಸಾಮಾನ್ಯವಾಗಿ ವಿಧಿಸಿತು. ಇಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಸರ್ಕಾರ ನೆಲವನ್ನು ತೆಗೆದುಕೊಳ್ಳುವಾಗ ಊರಿಗೆ ಬಂದು ಕೇಳಬೇಕು. ಆದರೆ ನೆಲವನ್ನು ನಮ್ಮ ಹೆಸರಿನಲ್ಲಿಯೇ ಬಿಟ್ಟು ಅದರ ಬಳಕೆಗೆ ಕಟ್ಟು ಹಾಕುವಾಗ, ಅಂದರೆ ಅದನ್ನು ಸಂರಕ್ಷಿಸುವಾಗ, ಅಂಥ ವಿಚಾರಣೆಯ ಕಡ್ಡಾಯವಿಲ್ಲ. ರಾಜಪತ್ರದಲ್ಲಿ ಕರಡು ಪ್ರಕಟಿಸಿ, ಬರವಣಿಗೆಯ ಆಕ್ಷೇಪಣೆಗೆ ದಿನ ಗೊತ್ತುಮಾಡಿದರೆ ಮುಗಿಯಿತು.

ಘಟ್ಟದ ಹಳ್ಳಿಗಳ ಭಯ

ಈ ಕೊರತೆಯ ಪರಿಣಾಮವನ್ನು ನಮ್ಮ ಜಿಲ್ಲೆ ಸಕಲೇಶಪುರದ ಘಟ್ಟದಲ್ಲಿ ಕಂಡಿದೆ. ಅಲ್ಲಿನ ಕಾಫಿ ತೋಟಗಳಲ್ಲಿ ದುಡಿಯುವವರಲ್ಲಿ, ಒಂದೆರಡು ಎಕರೆಯ ಬೆಳೆಗಾರರಲ್ಲಿ ನಮ್ಮ ಧರ್ಮಪ್ರಾಂತ್ಯದ ಕುಟುಂಬಗಳೂ ಇವೆ.

ಪಶ್ಚಿಮ ಘಟ್ಟಗಳ ಪರಿಸರವನ್ನು ಅಧ್ಯಯನ ಮಾಡಲು ಕೇಂದ್ರ ಸರ್ಕಾರ 2010ರಲ್ಲಿ ಪ್ರೊಫೆಸರ್ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 2011ರಲ್ಲಿ ವರದಿ ಸಲ್ಲಿಕೆಯಾಯಿತು. ಯಾವ ಊರು ಎಷ್ಟು ಸೂಕ್ಷ್ಮ, ಅಲ್ಲಿ ಏನು ಕೂಡದು ಎಂಬುದನ್ನು ಗ್ರಾಮಸಭೆಗಳ ಮುಂದಿಟ್ಟು ಅಂತಿಮಗೊಳಿಸಬೇಕೆಂಬುದು ಆ ವರದಿಯ ಜೀವಾಳವಾಗಿತ್ತು. ದುರದೃಷ್ಟವೆಂದರೆ, ಜನರನ್ನು ಕೇಳಿರೆಂದ ವರದಿಯನ್ನೇ ಜನರಿಂದ ಮರೆಮಾಡಲಾಯಿತು. ಮಾಹಿತಿ ಹಕ್ಕಿನ ಹೋರಾಟ ದಿಲ್ಲಿಯ ಉಚ್ಚ ನ್ಯಾಯಾಲಯದವರೆಗೆ ಹೋದ ಮೇಲೆ 2012ರ ಮೇ ತಿಂಗಳಲ್ಲಿ ಅದು ಹೊರಬಂತು. ಅನಂತರ ಡಾ. ಕಸ್ತೂರಿರಂಗನ್ ಅವರ ನೇತೃತ್ವದ ಕಾರ್ಯತಂಡ 2013ರಲ್ಲಿ ಇನ್ನೊಂದು ವರದಿ ಕೊಟ್ಟಿತು. ಉಪಗ್ರಹ ಚಿತ್ರಗಳ ನೆರವಿನಿಂದ ಘಟ್ಟ ಪ್ರದೇಶದ ಸುಮಾರು ಶೇಕಡಾ 37ರಷ್ಟನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು; ನಮ್ಮ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಹಳ್ಳಿಗಳೂ ಪಟ್ಟಿಯಲ್ಲಿದ್ದವು.

2014ರ ಮಾರ್ಚ್ 10ರಂದು ಮೊದಲ ಕರಡು ಅಧಿಸೂಚನೆ ಬಂತು. 2015, 2017, 2018, 2022 ಮತ್ತು 2024ರಲ್ಲಿ ಮತ್ತೆ ಮತ್ತೆ ಬಂತು. ಪ್ರತಿ ಬಾರಿಯೂ ಆಕ್ಷೇಪಣೆಗೆ 60 ದಿನಗಳು. ಗಣಿಗಾರಿಕೆ, ಕಲ್ಲುಗಣಿ, ಮರಳು ತೆಗೆಯುವಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಅತಿ ಹೆಚ್ಚು ಮಲಿನಗೊಳಿಸುವ ಕಾರ್ಖಾನೆ, ಇಪ್ಪತ್ತು ಸಾವಿರ ಚದರ ಮೀಟರು ಮತ್ತು ಅದಕ್ಕೆ ಮೀರಿದ ಕಟ್ಟಡ ಯೋಜನೆಗಳು: ಕರಡಿನ ನಿಷೇಧದ ಪಟ್ಟಿ ಮುಖ್ಯವಾಗಿ ಇದು. ಕಾಫಿ ಬೆಳೆಯುವುದಾಗಲಿ, ಬಡವನು ತನ್ನ ನಿವೇಶನದಲ್ಲಿ ಮನೆ ಕಟ್ಟಿಕೊಳ್ಳುವುದಾಗಲಿ ಅದರಲ್ಲಿ ಇರಲಿಲ್ಲ. ಆದರೆ ತೋಟದ ಲೈನುಗಳಲ್ಲಿ ನಮಗೆ ಕೇಳಿಬಂದದ್ದು ಬೇರೆಯೇ. ಎಲ್ಲರನ್ನೂ ಎಬ್ಬಿಸುತ್ತಾರಂತೆ, ಹಸು ಕಟ್ಟುವಂತಿಲ್ಲವಂತೆ, ಸೌದೆ ಆರಿಸಿದರೆ ಜೈಲಂತೆ. ಡಂಗುರ ಸಾರದ ಕಾನೂನಿನ ಜಾಗವನ್ನು ವದಂತಿ ತುಂಬುತ್ತದೆ. ವದಂತಿಯಿಂದ ಲಾಭ ಯಾರಿಗೆಂದು ಯೋಚಿಸಿದರೆ, ನಿಷೇಧದ ಪಟ್ಟಿಯಲ್ಲಿ ನಿಜವಾಗಿ ಇದ್ದವರು ಯಾರೆಂಬುದು ನೆನಪಾಗುತ್ತದೆ.

ಇಲ್ಲಿ ನಮ್ಮ ಸಮುದಾಯವೂ ತನ್ನ ಅಂತಃಸಾಕ್ಷಿಯನ್ನು ಪರೀಕ್ಷಿಸಿಕೊಳ್ಳಬೇಕಾಗಿದೆ. 2013ರಲ್ಲಿ ಕೇರಳದ ಗುಡ್ಡಗಾಡಿನಲ್ಲಿ ಈ ವರದಿಗಳ ವಿರುದ್ಧ ನಡೆದ ಚಳವಳಿಯಲ್ಲಿ ನಮ್ಮ ಧರ್ಮಸಭೆಯ ಹಲವರು ಮುಂದಾಳುಗಳಾಗಿದ್ದರು. ವಲಸೆ ಬಂದು ಕಾಡುಗುಡ್ಡದಲ್ಲಿ ಬದುಕು ಕಟ್ಟಿದ ಬಡ ರೈತರ ಭಯ ಸುಳ್ಳಾಗಿರಲಿಲ್ಲ, ಅವರ ಪರವಾಗಿ ನಿಂತದ್ದೂ ತಪ್ಪಲ್ಲ. ಆದರೆ ವರದಿಯಲ್ಲಿ ಏನಿದೆಯೆಂದು ಅವರಿಗೆ ಸಾವಧಾನವಾಗಿ ಓದಿ ಹೇಳುವ ಕೆಲಸವನ್ನು ನಾವು ಎಲ್ಲೆಡೆ ಮಾಡಿದೆವೇ? ಇಲ್ಲವೆಂದೇ ಒಪ್ಪಿಕೊಳ್ಳಬೇಕಾಗುತ್ತದೆ. ಕುರುಬನು ಕುರಿಗಳ ಭಯವನ್ನು ಹಂಚಿಕೊಂಡರೆ ಸಾಲದು, ತೋಳ ಎಲ್ಲಿದೆಯೆಂದು ನೋಡಿ ಹೇಳಬೇಕು.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಬೆಟ್ಟ ಕುಸಿದು ನೂರಾರು ಜನ ಮಣ್ಣುಪಾಲಾದರು. ಆರನೆಯ ಕರಡಿನ ದಿನಾಂಕ ಅದರ ಮರುದಿನದ್ದು. ಅದೇ ತಿಂಗಳು ಸಕಲೇಶಪುರದ ದೊಡ್ಡತಪ್ಪಲೆಯಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ತೀರ್ಮಾನ ಮಾಡಿತು. ಮೊದಲ ಕರಡಿನಿಂದ ಅಲ್ಲಿಗೆ ಹತ್ತು ವರ್ಷಗಳು. ಅಷ್ಟು ಕಾಲದಲ್ಲಿ ಕೇಂದ್ರ ಹೇಳುತ್ತಲೇ ಹೋಯಿತು, ರಾಜ್ಯ ಬೇಡವೆನ್ನುತ್ತಲೇ ಹೋಯಿತು. ಘಟ್ಟದ ಹಳ್ಳಿಯವರನ್ನು ಕೂರಿಸಿಕೊಂಡು, ನಿಮ್ಮ ಬೆಟ್ಟದ ಯಾವ ಮಗ್ಗುಲು ಮಳೆಗೆ ಸಡಿಲಾಗುತ್ತದೆ, ಯಾವ ಒರತೆ ಬತ್ತಿದೆ, ಏನನ್ನು ಬಿಟ್ಟರೆ ನೀವು ಬದುಕಬಲ್ಲಿರಿ ಎಂದು ಸಮಾಧಾನವಾಗಿ ಕೇಳಿದ್ದರೆ ಆ ಹತ್ತು ವರ್ಷಗಳು ಹೀಗೆ ವ್ಯರ್ಥವಾಗುತ್ತಿರಲಿಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಕೇಳುವುದೆಂದರೆ ಮತ ಎಣಿಸುವುದಲ್ಲ

ಹೀಗೆ ಹೇಳಿದಾಗ ವಿಚಾರವಂತರು ಒಂದು ಆಕ್ಷೇಪವನ್ನು ಎತ್ತಬಹುದು. ಜನರನ್ನು ಕೇಳಿದರೆ ಜನ ಯಾವ ಕಟ್ಟನ್ನೂ ಒಪ್ಪುವುದಿಲ್ಲ. ಎಲ್ಲರಿಗೂ ತಮ್ಮ ತಮ್ಮ ಲಾಭವೇ ಮುಂದು. ಹಾಗಾದರೆ ಕಾಡು, ನದಿ, ಗುಡಿಗಳನ್ನು ಕಾಯುವುದಾದರೂ ಹೇಗೆ?

ಆಕ್ಷೇಪ ತೂಕವುಳ್ಳದ್ದು. ನೆಲದ ಮೇಲೆ ಇಂದು ಬದುಕಿರುವವರಿಗೆ ಮಾತ್ರ ಹಕ್ಕಿಲ್ಲ, ಇನ್ನೂ ಹುಟ್ಟದವರಿಗೂ ಇದೆ. ಘಟ್ಟದಲ್ಲಿ ಹುಟ್ಟುವ ನದಿಗಳ ನೀರನ್ನು ಕುಡಿಯುವವರು ಘಟ್ಟದ ಹಳ್ಳಿಯವರು ಮಾತ್ರವಲ್ಲ. ಕೆಲವೊಮ್ಮೆ ಸಭೆಯಲ್ಲಿ ಗಟ್ಟಿಯಾಗಿ ಮಾತನಾಡುವವನು ಕಲ್ಲುಗಣಿಯ ಮಾಲೀಕ. ಬಾಗಿಲ ಬಳಿ ಸುಮ್ಮನೆ ನಿಂತವಳು ಅದೇ ಗಣಿಯ ಧೂಳು ಕುಡಿದು ಕೆಮ್ಮುವ ಕೂಲಿಯ ಹೆಂಗಸು. ಆದ್ದರಿಂದ ಕೇಳುವುದೆಂದರೆ ಕೈಯೆತ್ತಿಸಿ ಲೆಕ್ಕ ಹಾಕುವುದಲ್ಲ. ಸರ್ಕಾರ ಸರ್ವಹಿತದ ಹೊಣೆ ಹೊತ್ತಿದೆ. ಆ ಹೊಣೆಯನ್ನು ಜನಾಭಿಪ್ರಾಯದ ಮೇಲೆ ಹಾಕಿ ಅದು ನುಣುಚಿಕೊಳ್ಳುವಂತಿಲ್ಲ. ಆದರೆ ನಿರ್ಧರಿಸುವ ಅಧಿಕಾರ ಇರುವುದರಿಂದಲೇ ಆಲಿಸುವ ಕರ್ತವ್ಯವೂ ಇದೆ. ಬಂದ ಆಕ್ಷೇಪಣೆಗಳಲ್ಲಿ ಯಾವುದನ್ನು ಒಪ್ಪಿದೆವು, ಯಾವುದನ್ನು ಏಕೆ ಒಪ್ಪಲಿಲ್ಲ ಎಂದು ಕಾರಣ ಕೊಟ್ಟು ಹೇಳಿದಾಗ ಮಾತ್ರ ಆಲಿಸಿದಂತಾಗುತ್ತದೆ. ತಾನು ಸೋತರೂ ತನ್ನ ಮಾತನ್ನು ತೂಗಿ ನೋಡಿದರೆಂಬ ನಂಬಿಕೆ ಬಂದರೆ ಮನುಷ್ಯನು ಕಟ್ಟಿಗೆ ತಲೆಬಾಗುತ್ತಾನೆ. ಓದದೆಯೇ ಮೂಲೆಗೆಸೆದರೆಂದು ಅನಿಸಿದರೆ ರಾತ್ರಿಯ ಹೊತ್ತು ಬೇಲಿ ಮುರಿಯುತ್ತಾನೆ.

ಜಗದ್ಗುರು ಪೋಪ್ ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರ ‘ಲೌದಾತೊ ಸೀ’ಯಲ್ಲಿ, ಪರಿಸರದ ಮೇಲೆ ಪರಿಣಾಮ ಬೀರುವ ನಿರ್ಧಾರಗಳ ಚರ್ಚೆಯಲ್ಲಿ ಸ್ಥಳೀಯ ಜನರಿಗೆ ವಿಶೇಷ ಸ್ಥಾನವಿರಬೇಕೆಂದು ಬೋಧಿಸಿದರು. ಅವರು ಅದನ್ನು ಕೃಪೆಯೆಂದು ಹೇಳಲಿಲ್ಲ. ತಮ್ಮ ಮತ್ತು ತಮ್ಮ ಮಕ್ಕಳ ಭವಿಷ್ಯದ ಬಗ್ಗೆ ಕಾಳಜಿಯುಳ್ಳವರು ಅವರು, ಆದುದರಿಂದ ತತ್ಕಾಲದ ಲಾಭದ ಆಚೆಗೂ ನೋಡಬಲ್ಲರು ಎಂಬುದು ಆ ಬೋಧನೆಯ ಆಧಾರ.

ಭಾಷೆಯ ವಿಷಯದಲ್ಲಿ ನ್ಯಾಯಾಲಯಗಳೂ ಇದೇ ದಿಕ್ಕಿನಲ್ಲಿ ಮಾತನಾಡಿವೆ. 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಕರಡು ಅಧಿಸೂಚನೆಯನ್ನು ಕೇಂದ್ರವು ಇಂಗ್ಲಿಷ್, ಹಿಂದಿಗಳಲ್ಲಿ ಹೊರಡಿಸಿ ಅಭಿಪ್ರಾಯ ಕೇಳಿತು. ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೆ ಅನುವಾದಿಸಬೇಕೆಂದು ದಿಲ್ಲಿಯ ಉಚ್ಚ ನ್ಯಾಯಾಲಯ ಅದೇ ಜೂನ್ 30ರಂದು ಆದೇಶಿಸಿ, ಅಭಿಪ್ರಾಯ ಸಲ್ಲಿಸುವ ಗಡುವನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತು. ಸಂತ ಥಾಮಸರ ನಾಲ್ಕನೆಯ ಮಾತನ್ನು ನ್ಯಾಯಾಧೀಶರು ಹೆಸರಿಸದಿದ್ದರೂ ಎತ್ತಿಹಿಡಿದರೆಂದೇ ನಮಗೆ ಅನಿಸಿತು.

ನಮ್ಮ ಪಾಲಿನ ಕೆಲಸ

ಸರ್ಕಾರ ಕೇಳಬೇಕೆಂದು ಹೇಳಿ ನಾವು ಕೈಕಟ್ಟಿ ಕೂರುವಂತಿಲ್ಲ. ಕೇಳಿದಾಗ ಉತ್ತರಿಸಲು ಬಾರದ ಸಮುದಾಯವನ್ನು ಎರಡನೆಯ ಬಾರಿ ಯಾರೂ ಕೇಳುವುದಿಲ್ಲ. ನಮ್ಮ ಕುಟುಂಬಗಳು ಮಾಡಬಹುದಾದ ಕೆಲವು ಕೆಲಸಗಳನ್ನು ಇಲ್ಲಿ ಸೂಚಿಸುತ್ತೇವೆ.

ಮೊದಲನೆಯದು, ಗ್ರಾಮಸಭೆಗೆ ಹೋಗುವುದು. 1993ರ ಪಂಚಾಯತ್ ರಾಜ್ ಕಾಯ್ದೆ ನಮಗೆ ಕೊಟ್ಟಿರುವ ಈ ವೇದಿಕೆಯನ್ನು ಮನೆ ಮಂಜೂರಾತಿಯ ಪಟ್ಟಿ ಓದುವ ದಿನ ಮಾತ್ರ ನೆನೆಯುತ್ತೇವೆ. ಗಂಡಸರು ಹೋಗುತ್ತಾರೆ, ಹೆಂಗಸರು ಮನೆಯಲ್ಲಿರುತ್ತಾರೆ. ನೀರಿನ ಒರತೆ ಎಲ್ಲಿ ಬತ್ತಿತೆಂದು ಮೊದಲು ತಿಳಿಯುವುದು ಕೊಡ ಹೊತ್ತವರಿಗೆ ಎಂಬುದನ್ನು ಮರೆಯಬಾರದು. ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರೆದ ಒಂದು ಠರಾವಿಗೆ, ಬೀದಿಯಲ್ಲಿ ಕೂಗಿದ ನೂರು ಘೋಷಣೆಗಳಿಗಿಲ್ಲದ ಬೆಲೆಯಿದೆ.

ಎರಡನೆಯದು, ಊರಿನ ತಿಳಿವಳಿಕೆಯನ್ನು ಬರೆದಿಡುವುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲಾತಿಯ ಪುಸ್ತಕವಿರಬೇಕು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ ಎಂದು ಕೇಳಿರಿ. ಇದ್ದರೆ ತೆರೆದು ನೋಡಿ, ನಿಮ್ಮ ಹಳ್ಳ, ಗೋಮಾಳ, ದೇವರಕಾಡು ಅದರಲ್ಲಿ ಇದೆಯೇ ಎಂದು ಪರಿಶೀಲಿಸಿರಿ.

ಮೂರನೆಯದು, ಆಕ್ಷೇಪಣೆಯನ್ನು ಸರಿಯಾಗಿ ಬರೆಯುವುದು. “ಈ ಕಾನೂನು ಬೇಡ” ಎಂಬ ಮುದ್ರಿತ ಪತ್ರಕ್ಕೆ ನೂರು ಜನ ಸಹಿ ಮಾಡಿದರೂ ಓದುವ ಅಧಿಕಾರಿಗೆ ಅದು ಒಂದೇ ಪತ್ರ. ನಿಮ್ಮ ಸರ್ವೆ ನಂಬರು ಬರೆಯಿರಿ. ಅಲ್ಲಿ ಏನಿದೆ, ಎಷ್ಟು ವರ್ಷದಿಂದ ಇದೆ ಎಂದು ಹೇಳಿರಿ. ಕರಡಿನ ಯಾವ ಅಂಶದಿಂದ ನಿಮಗೆ ಏನು ತೊಂದರೆ, ಅದರ ಬದಲು ಏನು ಮಾಡಬಹುದು ಎಂದು ಸೂಚಿಸಿರಿ. ಪಹಣಿಯ ಪ್ರತಿ ಲಗತ್ತಿಸಿರಿ. ಕನ್ನಡದಲ್ಲಿಯೇ ಬರೆಯಿರಿ. ಗಡುವಿನೊಳಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀತಿಯನ್ನು ಜೋಪಾನವಾಗಿಡಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯ್ದೆಯಡಿ ನಿಮ್ಮ ಪತ್ರ ಏನಾಯಿತೆಂದು ಕೇಳಿರಿ. ಕರಡಿನಲ್ಲಿ ಒಳ್ಳೆಯದಿದ್ದರೆ ಅದನ್ನು ಒಪ್ಪುತ್ತೇವೆಂದೂ ಬರೆಯಬಹುದು. ಅಭಿಪ್ರಾಯವೆಂದರೆ ವಿರೋಧವೇ ಆಗಬೇಕಾಗಿಲ್ಲ.

ನಾಲ್ಕನೆಯದು ಧರ್ಮಕೇಂದ್ರಗಳಿಗೆ ಮತ್ತು ನಮ್ಮಂಥ ಗುರುಗಳಿಗೆ ಸೇರಿದ್ದು. ಇಂಥ ಕರಡು ಬಂದಾಗ ಸಭಾಭವನದ ಬಾಗಿಲು ತೆರೆದು, ಊರಿನ ಎಲ್ಲ ಮತದವರನ್ನೂ ಕರೆದು, ಕನ್ನಡದಲ್ಲಿ ಓದಿ ವಿವರಿಸಲು ಬಲ್ಲವರನ್ನು ಕೂರಿಸಬೇಕು. ಬೇಕು ಬೇಡ ಎಂದು ನಾವು ಮೊದಲೇ ತೀರ್ಪು ಕೊಡಬಾರದು. ನಮ್ಮ ಪ್ರಾಂತ್ಯದಲ್ಲಿ ಇಂಗ್ಲಿಷ್ ಬಲ್ಲ ಶಿಕ್ಷಕರಿಗೆ, ನಿವೃತ್ತ ನೌಕರರಿಗೆ, ಕಾಲೇಜು ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಇಂದು ಡಂಗುರ ಸಾರುವ ಕೆಲಸ ಅವರದು.

ದೊಡ್ಡಗದ್ದವಳ್ಳಿಯ ಕೆರೆಯ ದಡದಲ್ಲಿ ನಮ್ಮನ್ನು ಪ್ರಶ್ನಿಸಿದ ತರುಣ ಈಗ ಹಾಸನದಲ್ಲಿ ವಕೀಲಿ ವೃತ್ತಿಯಲ್ಲಿದ್ದಾನೆ. ಗೆರೆ ಎಳೆಯುವಾಗ ಊರವರನ್ನು ಕೇಳಿದ್ದರೇ ಎಂಬ ಅವನ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. 1992ರ ಗೆರೆ ಊರೂರಿಗೆ ಬಂದು ಕೇಳಿ ಎಳೆದದ್ದಲ್ಲ. ಆದರೆ ಆ ಗೆರೆಯೊಳಗೆ ಏನು ಇರಬೇಕು, ಹೇಗೆ ಇರಬೇಕು ಎಂಬುದನ್ನು ಬರೆಯುವಾಗ ಕೇಳಲೇಬೇಕೆಂಬ ನಿಯಮ ಈಗಿದೆ. ಆ 30 ದಿನಗಳಲ್ಲಿ ಊರು ನಿದ್ರಿಸಿದರೆ ತಪ್ಪಿನಲ್ಲಿ ನಮಗೂ ಪಾಲುಂಟು. ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ ಶೆಟ್ಟಿಹಳ್ಳಿಗೆ ಹೋಗಿದ್ದೆವು. ನೀರಿಳಿದ ನೆಲದಲ್ಲಿ ಹಳೆಯ ಊರಿನ ದಾರಿ ಯಾವುದೆಂದು ಅವನು ಕೇಳಿದ. ನಮಗೆ ತೋರಿಸಲು ಬರಲಿಲ್ಲ. ದಡದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಕೋಲೆತ್ತಿ ತೋರಿಸಿದರು: ಇಲ್ಲಿ ಬಾವಿ, ಇಲ್ಲಿ ಹುಣಿಸೆಮರ, ಇಲ್ಲಿಂದ ದೇವಾಲಯಕ್ಕೆ ದಾರಿ. ಅವರ ಮಾತನ್ನು ಆ ತರುಣ ತನ್ನ ಪುಸ್ತಕದಲ್ಲಿ ಬರೆದುಕೊಂಡ.